ನೆಟ್ ಸರಿಯಾದರೂ ಲೈವ್ ಚಿತ್ರ ಕದಲುವುದಿಲ್ಲ, ಯಾಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಯಿಂದ ಹಾಸನದ ಅಕ್ಕನ ಮನೆಗೆ ಜಿಸ್ಟ್ರೀಮರ್‌ನಲ್ಲಿ (ವಿಡಿಯೋ ಕಳಿಸುವ, ತೋರಿಸುವ ಪ್ರೋಗ್ರಾಂ) ಪೂಜೆಯ ಲೈವ್ ಕಳಿಸುತ್ತೇವೆ. ಮಳೆಗೆ ನೆಟ್ ಒಮ್ಮೆ ತಡವರಿಸಿದರೆ ಚಿತ್ರ ನಿಂತುಬಿಡುತ್ತದೆ. ನೆಟ್ ಸರಿಯಾದ ಮೇಲೂ ಕದಲುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಮುಂದಿನ ಸಲ ಚಿತ್ರ ನಿಂತಾಗ ನಿಮ್ಮ ಕಡೆ ಏನೂ ಮುಟ್ಟಬೇಡಿ. ಅಕ್ಕನ ಮನೆಯಲ್ಲಿ ಮಾತ್ರ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಲಿ. ತಕ್ಷಣ ಚಿತ್ರ ಬಂದರೆ, ನಂಬರ್ ಹಾಕಿ ಕಳಿಸುವ ವಿಡಿಯೋ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು ಬರುತ್ತಲೇ ಇದ್ದವು ಅಂತ ಅರ್ಥ. ಹೆಚ್ಚಾಗಿ, ಮುಂದೆ ಯಾವ ನಂಬರ್ ಬರಬೇಕು ಎಂಬ ಅಲ್ಲಿನ ಎಣಿಕೆ ತಪ್ಪಿರುತ್ತದೆ.

ಕಾಫಿ ಗೋದಾಮಿನ ಬಾಗಿಲಲ್ಲಿ ಕೂತ ರೈಟರನ್ನು ನೆನೆಸಿಕೊಳ್ಳಿ. ನಂಬರ್ ಪ್ರಕಾರವೇ ಚೀಲ ಒಳಗೆ ಬಿಡುತ್ತಾರೆ. 57 ಬರಲಿಲ್ಲ. ಸ್ವಲ್ಪ ಕಾದು, ‘ಬಂದಿಲ್ಲ’ ಅಂತ ಬರೆದು, 58, 59, 60 ಬಿಟ್ಟರು. ಆಮೇಲೆ ಹಿಂದಿನ ಜೀಪಿನಲ್ಲಿ 57 ಬಂತು. ಅದನ್ನು ಪಕ್ಕಕ್ಕೆ ಇಟ್ಟರೆ ಆಯಿತು, ಅಲ್ವಾ? ಅದರ ಬದಲು ರಿಜಿಸ್ಟರ್ ಹಿಂದಕ್ಕೆ ತಿರುವಿ, ‘ಇನ್ನು 58 ಬರಲಿ’ ಅಂತ ಕೂತರೆ? 58 ಆಗಲೇ ಒಳಗಿದೆ. ಬಾಗಿಲಲ್ಲಿ ಸಾಲು ಬೆಳೆಯುತ್ತದೆ.

ಬಂದ ಪ್ಯಾಕೆಟ್ ಸ್ವಲ್ಪ ಹಿಡಿದಿಟ್ಟು ಸಾಲಾಗಿ ಬಿಡುವ ಜಿಟರ್ ಬಫರ್ ಎಂಬ ಭಾಗ ಮಾಡುವುದು ಈ ರೈಟರ ಕೆಲಸವನ್ನೇ. ಕಳೆದದ್ದು ಅಂತ ಕೈಬಿಟ್ಟ ಪ್ಯಾಕೆಟ್, ಮತ್ತೆ ಕಳಿಸಿದ ಮೇಲೆ ತಡವಾಗಿ ಬಂದರೆ ಅದನ್ನು ಎಸೆಯಬೇಕು. ಎಣಿಕೆ ಮುಟ್ಟಬಾರದು. ಮೊದಲು ಜಿಸ್ಟ್ರೀಮರ್‌ನ ಹೊಸ ಆವೃತ್ತಿ ಹಾಕಿ ನೋಡಿ. ಕೋಡ್ ನಿಮ್ಮದೇ ಆದರೆ, ಹಳೆಯದು ಯಾವುದು ಅಂತ ತಿಳಿಯಲು ಸುಮ್ನೆ ಚಿಕ್ಕ ನಂಬರ್ ನೋಡಿದರೆ ಸಾಲದು. ಆರ್‌ಟಿಪಿ (ಲೈವ್ ವಿಡಿಯೋ ಪ್ಯಾಕೆಟ್ ಕಳಿಸುವ ಕ್ರಮ) ನಂಬರ್ 16 ಬಿಟ್‌ನದು, 65535 ಆದ ಮೇಲೆ ಮತ್ತೆ 0. ಸೆಕೆಂಡಿಗೆ 500 ಪ್ಯಾಕೆಟ್ ಹೋದರೆ ಸುಮಾರು 2 ನಿಮಿಷಕ್ಕೇ ಒಂದು ಸುತ್ತು. ಬಂದ ನಂಬರಿನಿಂದ ಬರಬೇಕಾದ ನಂಬರನ್ನು ಕಳೆದು, ಉತ್ತರವನ್ನು ಪ್ಲಸ್ ಅಥವಾ ಮೈನಸ್ ಆಗಬಲ್ಲ (signed) 16 ಬಿಟ್ ಸಂಖ್ಯೆಯಾಗಿ ಓದಿ. ಮೈನಸ್ ಬಂದರೆ ಹಳೆಯದು.

ಇನ್ನು, ಪ್ಯಾಕೆಟ್ ಅಷ್ಟು ತಡವಾಗುವುದೇಕೆ? ಜಿಸ್ಟ್ರೀಮರ್‌ನ ಜಿಟರ್ ಬಫರ್ ನಾವು ಬೇರೆ ಸಮಯ ಹೇಳದಿದ್ದರೆ 200 ಮಿಲಿಸೆಕೆಂಡ್ ಮಾತ್ರ ಕಾಯುತ್ತದೆ. ಮಳೆಯಲ್ಲಿ ಪಿಂಗ್ (ಸಂದೇಶ ಹೋಗಿ ಉತ್ತರ ಬರುವ ಸಮಯ) 150 ಮಿಲಿಸೆಕೆಂಡ್ ಆದರೆ, ಕಳೆದ ಪ್ಯಾಕೆಟ್ ಒಮ್ಮೆ ಕೇಳಿ ತರಿಸುವಷ್ಟರಲ್ಲೇ ಸಮಯ ಮುಗಿಯುತ್ತದೆ. ಮಳೆ ಬರುವಾಗಲೇ ಪಿಂಗ್ ಅಳೆದು, ಬಫರ್ ಕಾಯುವ ಸಮಯವನ್ನು ಅದರ 3–4 ಪಟ್ಟು ಇಡಿ. ಪೂಜೆ ನೋಡುವವರಿಗೆ ಅರ್ಧ ಸೆಕೆಂಡ್ ತಡ ಏನೂ ಜಾಸ್ತಿ ಅಲ್ಲ.

ಆದರೂ ಕೆಲವು ಪ್ಯಾಕೆಟ್ ಹೋಗೇ ಹೋಗುತ್ತವೆ. ಆಗ ಮುಂದಿನ ಕೀಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಬರುವವರೆಗೆ ಚಿತ್ರ ಕಲಸಿಹೋಗಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ 50 ಫ್ರೇಮಿಗೊಂದು ಕೀಫ್ರೇಮ್ ಇಡಿ, 2 ಸೆಕೆಂಡಿನೊಳಗೆ ತಿಳಿಯಾಗುತ್ತದೆ.