ಪದ ಪರಿಚಯ: ರೋಹಿತ ಎಂಟ್ರೊಪಿ

ಮುಂಗಾರಿಗೆ ಮೊದಲಿನ ಗುಡುಗಿನ ಸಂಜೆಗಳಲ್ಲಿ ಮಧ್ಯಮ ತರಂಗದ ರೇಡಿಯೊ ಕೇಳಿದವರಿಗೆ ಎರಡು ಬಗೆಯ ಗದ್ದಲ ಗೊತ್ತು. ಕೇಂದ್ರವಿಲ್ಲದ ಕಡೆ ಮುಳ್ಳು ನಿಂತರೆ ಒಂದೇ ಸಮನೆ ‘ಸುಯ್’ ಎನ್ನುವುದು ಒಂದು; ಎಲ್ಲೋ ಮಿಂಚಿದಾಗಲೆಲ್ಲ ‘ಚಟ್’ ಎಂದು ಸಿಡಿಯುವುದು ಇನ್ನೊಂದು. ಇಂಥ ಗದ್ದಲದ ನಡುವೆ ಯಾರೋ ಕಳಿಸಿದ ಸಂಕೇತ ಅಡಗಿದೆಯೇ ಎಂದು ಪತ್ತೆಹಚ್ಚಲು ನೆರವಾಗುವ ಒಂದು ಅಳತೆ ರೋಹಿತ ಎಂಟ್ರೊಪಿ: ಅಲೆಯ ಶಕ್ತಿ ಬೇರೆಬೇರೆ ಆವರ್ತನಗಳಲ್ಲಿ, ಅಂದರೆ ರೋಹಿತದಲ್ಲಿ, ಎಷ್ಟು ಹರಡಿದೆ ಎನ್ನುವುದರ ಲೆಕ್ಕ.

ರೇಡಿಯೊ ಸೆಟ್ಟಿನೊಳಗೇ ಹುಟ್ಟುವ ‘ಸುಯ್’ ಸದ್ದು ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳ ಪುಟ್ಟ ಅಲುಗಾಟಗಳ ಮೊತ್ತ. ಒಂದಕ್ಕೊಂದು ಸಂಬಂಧವಿಲ್ಲದ ಸಣ್ಣ ಕಾರಣಗಳು ಕೂಡಿದಾಗ ಗಂಟೆಯಾಕಾರದ ಗೌಸಿಯನ್ ಹಂಚಿಕೆ ಮೂಡುತ್ತದೆ; ಅದರಲ್ಲಿ ವಿಪರೀತ ಏರಿಳಿತ ಬಲು ಅಪರೂಪ. ಸಿಡಿಲಿನ, ಮೋಟರ್ ಕಿಡಿಯ ಗದ್ದಲದಲ್ಲಿ ಅಂಥ ಏರಿಳಿತ ಪದೇ ಪದೇ ಬರುತ್ತದೆ. ಇದು ಗೌಸಿಯನ್ ಅಲ್ಲದ ಗದ್ದಲ.

ಸಂಕೇತ ಇದೆಯೇ ಎಂದು ತಿಳಿಯುವ ಹಳೆಯ ದಾರಿ, ಬಂದ ಶಕ್ತಿಯನ್ನೆಲ್ಲ ಕೂಡಿಸಿ ನೋಡುವುದು. 1967ರಲ್ಲಿ ಎಂಜಿನಿಯರ್ ಹ್ಯಾರಿ ಉರ್ಕೊವಿಟ್ಜ್ ಇದನ್ನು ಗೌಸಿಯನ್ ಗದ್ದಲಕ್ಕಾಗಿ ವಿಶ್ಲೇಷಿಸಿದ್ದರು. ಸಿಡಿಲು ಬಡಿದರೆ ಈ ಲೆಕ್ಕ ಮೋಸಹೋಗುತ್ತದೆ: ಶಕ್ತಿ ಏರಿತು, ಹಾಗಾಗಿ ಸಂಕೇತ ಬಂದಿದೆ ಎನ್ನುತ್ತದೆ.

ಎಂಟ್ರೊಪಿ ಕೇಳುವ ಪ್ರಶ್ನೆಯೇ ಬೇರೆ. ಕಣದಲ್ಲಿ ಒಣಹಾಕಿದ ಭತ್ತಕ್ಕೂ ರಾಶಿ ಮಾಡಿದ ಭತ್ತಕ್ಕೂ ತೂಕ ಒಂದೇ, ಹರವು ಬೇರೆ. 1948ರಲ್ಲಿ ಕ್ಲಾಡ್ ಶ್ಯಾನನ್ ಮಾಹಿತಿ ಸಿದ್ಧಾಂತಕ್ಕೆ ಕೊಟ್ಟ ಎಂಟ್ರೊಪಿ ಸೂತ್ರದಿಂದ ಆ ಹರವನ್ನು ಅಳೆಯಬಹುದು. ಬಂದ ಅಲೆಯನ್ನು ಆವರ್ತನಗಳಾಗಿ ಬಿಡಿಸಿ 16 ಪಟ್ಟಿಗಳಲ್ಲಿ ಇಟ್ಟೆವೆನ್ನಿ. ಎಲ್ಲ ಪಟ್ಟಿಗಳಲ್ಲೂ ಶಕ್ತಿ ಸಮನಾಗಿದ್ದರೆ ಎಂಟ್ರೊಪಿ 4 ಬಿಟ್ (ಬಿಟ್ ಎಂದರೆ ಮಾಹಿತಿಯನ್ನು ಅಳೆಯುವ ಮಾನ). ಅರ್ಧ ಶಕ್ತಿ ಒಂದೇ ಪಟ್ಟಿಯಲ್ಲಿ ಸೇರಿ, ಉಳಿದರ್ಧ ಮಿಕ್ಕ ಹದಿನೈದಕ್ಕೆ ಸಮನಾಗಿ ಹಂಚಿಹೋದರೆ ಸುಮಾರು 2.95 ಬಿಟ್. ಕಿರಿದಾದ ಆವರ್ತನ ವ್ಯಾಪ್ತಿಯಲ್ಲಿ ಬರುವ ಸಂಕೇತ ಹೀಗೆ ರಾಶಿಯಾಗಿ ಕಾಣುತ್ತದೆ; ಎಂಟ್ರೊಪಿ ಕುಸಿದರೆ ಸಂಕೇತ ಇದೆ ಎಂದು ಊಹಿಸುತ್ತಾರೆ.

ಸಿಡಿಲಿನ ‘ಚಟ್’ ಕಾಲದಲ್ಲಿ ಕ್ಷಣಮಾತ್ರದ್ದು. ಕಾಲದಲ್ಲಿ ಮೊನಚಾದದ್ದು ಆವರ್ತನದಲ್ಲಿ ಅಗಲವಾಗಿ ಹರಡುತ್ತದೆ. ಆದ್ದರಿಂದ ಶಕ್ತಿ ಎಷ್ಟೇ ಏರಿದರೂ ಎಂಟ್ರೊಪಿ ಕುಸಿಯುವುದಿಲ್ಲ, ಸುಳ್ಳು ಎಚ್ಚರಿಕೆ ತಪ್ಪುತ್ತದೆ. ನನ್ನನ್ನು ಇನ್ನೂ ಹೆಚ್ಚು ಸೆಳೆಯುವುದು ಒಂದು ಸರಳ ಭಾಗಾಕಾರ: ಪ್ರತಿ ಪಟ್ಟಿಯ ಶಕ್ತಿಯನ್ನು ಒಟ್ಟು ಶಕ್ತಿಯಿಂದ ಭಾಗಿಸುವುದರಿಂದ, ಗದ್ದಲದ ಮಟ್ಟ ಎಷ್ಟೆಂದು ಮೊದಲೇ ತಿಳಿದಿರಬೇಕಾಗಿಲ್ಲ. ಶಕ್ತಿ ಕೂಡಿಸುವ ವಿಧಾನಕ್ಕೆ ಅದು ತಿಳಿಯದೆ ಗತಿಯಿಲ್ಲ.

ತೊಡಕುಗಳೂ ಇವೆ. ಬಲವಾದ ಸಿಡಿಲು ಸಂಕೇತದ ರಾಶಿಯನ್ನೇ ಮುಚ್ಚಿಬಿಡಬಹುದು. ಅದಕ್ಕೇ ಅತಿ ಎತ್ತರದ ಶಿಖರಗಳನ್ನು ಮೊದಲೇ ಕತ್ತರಿಸುವುದುಂಟು. ಬೇಕೆಂದೇ ಅಗಲವಾಗಿ ಹರಡಿ ಕಳಿಸಿದ ಸಂಕೇತವನ್ನು ಈ ಅಳತೆ ಸುಲಭವಾಗಿ ಗುರುತಿಸಲಾರದು. ‘ಎಂಟ್ರೊಪಿ’ ಎಂಬ ಮಾತು ಕಂಡಾಗ, ಯಾವುದರ ಎಂಟ್ರೊಪಿ ಎಂದೂ ನೋಡಬೇಕು. ಆವರ್ತನಗಳನ್ನು ಬಿಟ್ಟು ಅಲೆಯ ಎತ್ತರಗಳ ಹಂಚಿಕೆಯನ್ನು ಅಳೆದರೆ, ಒಂದೇ ಸರಾಸರಿ ಶಕ್ತಿಯ ಗದ್ದಲಗಳಲ್ಲಿ ಗೌಸಿಯನ್‌ಗೇ ಗರಿಷ್ಠ ಎಂಟ್ರೊಪಿ. ಅಲ್ಲಿ ಸಂಕೇತವೇ ಇಲ್ಲದಿದ್ದರೂ ಸಿಡಿಲೊಂದೇ ಎಂಟ್ರೊಪಿಯನ್ನು ಇಳಿಸಬಲ್ಲದು.