ತೇಲ್ ದಾನ್ ಶಾಸನ: ಒಂಬತ್ತನೆಯ ಸಾಲಿನಲ್ಲಿ ಇಲ್ಲದ ಚುಕ್ಕೆ

ಇಸ್ರೇಲಿನ ಉತ್ತರ ತುದಿಯಲ್ಲಿರುವ ತೇಲ್ ದಾನ್ ದಿಬ್ಬದಲ್ಲಿ ಅವ್ರಾಹಾಂ ಬಿರಾನ್ ಅವರ ತಂಡವು ಉತ್ಖನನ ನಡೆಸುತ್ತಿದ್ದಾಗ, 1993ರ ಜುಲೈ ತಿಂಗಳಲ್ಲಿ, ಹೆಬ್ಬಾಗಿಲ ಹೊರಗಿನ ಗೋಡೆಯೊಂದರಲ್ಲಿ ಮಾಮೂಲಿ ಕಟ್ಟಡದ ಕಲ್ಲಾಗಿ ಸೇರಿಹೋಗಿದ್ದ ಶಾಸನದ ತುಂಡು ಸರ್ವೇಯರ್ ಗಿಲಾ ಕುಕ್ ಅವರ ಕಣ್ಣಿಗೆ ಬಿದ್ದಿತು. ಮರುವರ್ಷ ಇನ್ನೆರಡು ಸಣ್ಣ ತುಂಡುಗಳು ದೊರೆತವು. ಶಿಲೆ ಬಸಾಲ್ಟ್, ಭಾಷೆ ಅರಾಮಿಕ್, ಕಾಲ ಕ್ರಿ.ಪೂ. 9ನೆಯ ಶತಮಾನ. ಕೆತ್ತಿಸಿದವನ ಹೆಸರು ಉಳಿದಿಲ್ಲವಾದರೂ ಅವನು ದಮಸ್ಕದ ಅರಸ ಹಜಾಯೇಲನೆಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ.

ನಾನು ಎಡವಿದ ಜಾಗ

ಈ ಶಾಸನದಲ್ಲಿ ಪದ ಮುಗಿದ ಕಡೆ ಒಂದು ಚುಕ್ಕೆ ಇಡುವುದು ರೂಢಿ. ಎಂಟನೆಯ ಸಾಲಿನಲ್ಲಿ ‘ಮ್ಲ್‌ಕ್’ (ಅರಸ) ಎಂಬುದಕ್ಕೂ ‘ಇಸ್ರಾಯೇಲ್’ ಎಂಬುದಕ್ಕೂ ನಡುವೆ ಚುಕ್ಕೆ ಇದೆ. ಒಂಬತ್ತನೆಯ ಸಾಲಿನಲ್ಲಿ ಮಾತ್ರ ‘ಬ್‌ಯ್‌ತ್‌ದ್‌ವ್‌ದ್’ ಎಂಬ ಆರು ವ್ಯಂಜನಗಳು ಚುಕ್ಕೆಯಿಲ್ಲದೆ ಒಟ್ಟಿಗೆ ನಿಂತಿವೆ. ಬಿರಾನ್ ಮತ್ತು ಲಿಪಿತಜ್ಞ ಯೋಸೆಫ್ ನಾವೆ ಇದನ್ನು ‘ಬೇತ್’ (ಮನೆ) ಮತ್ತು ‘ದಾವೀದ್’ ಎಂದು ಬಿಡಿಸಿ, ‘ದಾವೀದನ ಮನೆ’ ಎಂದು ಓದಿದರು; ದಾವೀದನೆಂದರೆ ಬೈಬಲ್ ಹೇಳುವ ಇಸ್ರಾಯೇಲಿನ ಅರಸ. ಆಗ ಬೈಬಲ್ ವಿದ್ವಾಂಸ ಫಿಲಿಪ್ ಡೇವಿಸ್ ಮೊದಲಾದವರು, ಎರಡು ಪದಗಳಾಗಿದ್ದರೆ ನಡುವೆ ಚುಕ್ಕೆ ಇರಬೇಕಿತ್ತು, ಆದ್ದರಿಂದ ಇದು ಬೇತೇಲ್ (‘ದೇವರ ಮನೆ’) ಎಂಬಂತೆ ಒಂದು ಊರಿನ ಹೆಸರೂ ಆಗಿರಬಹುದು ಎಂದು ಆಕ್ಷೇಪಿಸಿದರು. ಸ್ವರಗಳನ್ನು ಬರೆಯದ ಲಿಪಿಯಾದ್ದರಿಂದ ‘ದ್‌ವ್‌ದ್’ ಎಂಬುದನ್ನು ‘ದೋದ್’ (ಪ್ರಿಯ) ಎಂದೂ ಓದಬಹುದಲ್ಲವೇ ಎಂಬುದು ಇದರ ಜೊತೆಗಿನ ಪ್ರಶ್ನೆ. ಈ ಆಕ್ಷೇಪ ನನಗೆ ಬಹಳ ಬಲವಾಗಿ ಕಂಡಿತು; ಎರಡು ದಿನ ಇಲ್ಲಿಂದ ಮುಂದೆ ಹೋಗಲಾಗಲಿಲ್ಲ.

ಗಂಟು ಬಿಡಿಸಿದ್ದು ಶಾಲೆಯಲ್ಲಿ ಕಲಿತ ಸಮಾಸ. ‘ಮೈಸೂರಿನ ಅರಸ’ ಎಂದು ಬರೆಯುವಾಗ ನಾವು ನಡುವೆ ಜಾಗ ಬಿಡುತ್ತೇವೆ. ‘ಅರಮನೆ’ ಎಂದು ಬರೆಯುವಾಗ ಬಿಡುವುದಿಲ್ಲ. ವಿಗ್ರಹಿಸಿದರೆ ಅದೂ ‘ಅರಸನ ಮನೆ’ಯೇ, ಆದರೆ ಬಳಕೆಯಲ್ಲಿ ಒಂದೇ ಪದವಾಗಿ ಗಟ್ಟಿಯಾಗಿದೆ. ‘ಇಸ್ರಾಯೇಲಿನ ಅರಸ’ ಎಂಬುದು ಒಂದು ಪದಗುಚ್ಛ. ‘ಬೇತ್‌ದಾವೀದ್’ ಎಂಬುದು ರಾಜ್ಯವೊಂದರ ಹೆಸರಾಗಿ ಗಟ್ಟಿಯಾದ ಸಮಸ್ತಪದ. ಆನ್ಸನ್ ರೇನಿಯಂತಹ ವಿದ್ವಾಂಸರು, ಇಂತಹ ಜೋಡುಪದಗಳ ನಡುವೆ ಚುಕ್ಕೆ ಬೇಕೇಬೇಕೆಂಬ ನಿಯಮವಿಲ್ಲವೆಂದು ಉತ್ತರಿಸಿದ್ದು ಏಕೆಂದು ನನಗೆ ಆಗಲೇ ಅರ್ಥವಾದದ್ದು. ಹೋಲಿಕೆಯಲ್ಲಿ ಒಂದು ಎಚ್ಚರಿಕೆ ಬೇಕು: ಕನ್ನಡದಲ್ಲಿ ಒಡೆಯ ಮೊದಲು, ಮನೆ ಆಮೇಲೆ, ಅರಾಮಿಕ್ ಮತ್ತು ಹೀಬ್ರೂ ಭಾಷೆಗಳಲ್ಲಿ ಮನೆ ಮೊದಲು. ಬೇತ್ಲೆಹೇಮ್ ಎಂದರೆ ‘ರೊಟ್ಟಿಯ ಮನೆ’ ಎಂಬುದನ್ನು ನೆನಪಿಟ್ಟರೆ ಈ ಕ್ರಮ ಮರೆಯುವುದಿಲ್ಲ.

‘ಮನೆ’ ಎಂದರೆ ಇಲ್ಲಿ ಕಟ್ಟಡವಲ್ಲ, ಮನೆತನ. ಬೈಬಲಿನ ಎರಡನೆಯ ಸಮುವೇಲ ಗ್ರಂಥದ 7ನೆಯ ಅಧ್ಯಾಯವೂ ಇದೇ ಶ್ಲೇಷೆಯ ಮೇಲೆ ನಿಂತಿದೆ: ದೇವರಿಗೆ ಮನೆ ಕಟ್ಟಲು ಹೊರಟ ದಾವೀದನಿಗೆ, ದೇವರೇ ಅವನಿಗೊಂದು ಮನೆಯನ್ನು, ಅಂದರೆ ಸಂತತಿಯನ್ನು, ಕೊಡುವುದಾಗಿ ಹೇಳುತ್ತಾನೆ. ರಾಜ್ಯವನ್ನು ಮನೆತನದ ಹೆಸರಿನಿಂದ ಕರೆಯುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಅಶ್ಶೂರದವರು (ಅಸ್ಸೀರಿಯನ್ನರು) ಉತ್ತರದ ಇಸ್ರಾಯೇಲ್ ರಾಜ್ಯವನ್ನು ‘ಬೀತ್ ಹುಮ್ರಿ’, ಅಂದರೆ ಅಲ್ಲಿನ ಅರಸ ಒಮ್ರಿಯ ಮನೆ, ಎಂದು ಕರೆದಿದ್ದಾರೆ. ಬ್ರಿಟಿಷ್ ಪುರಾತತ್ವಜ್ಞ ಲೇಯಾರ್ಡ್ 1846ರಲ್ಲಿ ಇರಾಕಿನ ನಿಮ್ರೂದಿನಲ್ಲಿ ಅಗೆದು ತೆಗೆದ ಅಶ್ಶೂರದ ಕಪ್ಪು ಸ್ತಂಭದಲ್ಲಿ ಇಸ್ರಾಯೇಲಿನ ಅರಸ ಯೇಹು ‘ಒಮ್ರಿಯ ಮಗ’ನೆನಿಸಿಕೊಂಡಿದ್ದಾನೆ, ಒಮ್ರಿಯ ವಂಶವನ್ನು ನಿರ್ಮೂಲ ಮಾಡಿದವನೇ ಈ ಯೇಹು ಎಂಬುದು ತಮಾಷೆ! ಮನೆತನದ ಹೆಸರು ನಾಡಿಗೆ ಅಂಟಿಕೊಂಡ ಮೇಲೆ ರಕ್ತಸಂಬಂಧವನ್ನು ಯಾರೂ ವಿಚಾರಿಸುತ್ತಿರಲಿಲ್ಲವೆಂದು ತೋರುತ್ತದೆ.

ಉಳಿದದ್ದು, ಚುಟುಕಾಗಿ

ಸಂಪ್ರದಾಯದ ಲೆಕ್ಕದಂತೆ ದಾವೀದನ ಕಾಲ ಸುಮಾರು ಕ್ರಿ.ಪೂ. 1000. ಅವನ ಹೆಸರಿನ ಮನೆತನವೊಂದು ಮುಂದಿನ ಶತಮಾನದ ಶತ್ರುವಿಗೂ ಗೊತ್ತಿತ್ತೆಂದು ಈ ಕಲ್ಲು ಹೇಳುತ್ತದೆಯೇ ಹೊರತು, ಅವನ ರಾಜ್ಯ ಎಷ್ಟು ದೊಡ್ಡದಿತ್ತೆಂದು ಹೇಳುವುದಿಲ್ಲ.

ತುಂಡುಗಳನ್ನು ಜೋಡಿಸಿ ಓದಿದಾಗ, ಇಸ್ರಾಯೇಲಿನ ಅರಸ ಯೆಹೋರಾಮನನ್ನೂ ದಾವೀದನ ಮನೆತನದ ದಕ್ಷಿಣ ರಾಜ್ಯವಾದ ಯೆಹೂದದ ಅರಸ ಅಹಜ್ಯನನ್ನೂ ತಾನೇ ಕೊಂದೆನೆಂದು ಕೆತ್ತಿಸಿದವನು ಹೇಳಿಕೊಳ್ಳುತ್ತಾನೆ. ಬೈಬಲಿನ ಎರಡನೆಯ ಅರಸುಗಳು ಗ್ರಂಥದ 9ನೆಯ ಅಧ್ಯಾಯದ ಪ್ರಕಾರ ಇಬ್ಬರ ಸಾವಿಗೂ ಕಾರಣ ಯೇಹು. ಆದರೆ ಕಲ್ಲಿನಲ್ಲಿ ಉಳಿದಿರುವುದು ಆ ಹೆಸರುಗಳ ಕೊನೆಯ ಅಕ್ಷರಗಳು ಮಾತ್ರ, ಉಳಿದದ್ದನ್ನು ವಿದ್ವಾಂಸರು ಚೌಕ ಆವರಣದೊಳಗೆ ತುಂಬಿದ್ದಾರೆ; ಆದ್ದರಿಂದ ಎರಡು ಕಥನಗಳ ವಿರೋಧವನ್ನು ಚರ್ಚಿಸುವ ಮೊದಲು ಚೌಕ ಆವರಣದೊಳಗಿನ ಅಕ್ಷರಗಳು ಯಾವುವೆಂದು ಗುರುತು ಹಾಕಿಕೊಳ್ಳಬೇಕು.