ಮೇಷ್ಟ್ರ ಸಂಬಳ ಯಾರ ಹೊಣೆ? ರೋಮನ್ನರ ಕಾಲದ ಒಂದು ಪ್ರಶ್ನೆ

ರೋಮನ್ ಸರ್ಕಾರ ರಸ್ತೆ ಹಾಕಿಸಿತು, ದೂರದಿಂದ ನೀರು ತರಿಸಿತು, ರಾಜಧಾನಿಯ ನಾಗರಿಕರಿಗೆ ಧಾನ್ಯ ಹಂಚಿತು. ಊರೂರಿನ ಮಕ್ಕಳಿಗೆ ಅಕ್ಷರ ಕಲಿಸುವುದೂ ತನ್ನ ಕೆಲಸ ಎಂದು ಮಾತ್ರ ಅದಕ್ಕೆ ಅನ್ನಿಸಲೇ ಇಲ್ಲ. ಅಂದಿನ ಮತ್ತು ಇಂದಿನ ಶಾಲೆಗಳ ನಡುವಿನ ಅತಿ ದೊಡ್ಡ ಅಂತರ ಇದೇ ಎಂಬುದು ನನ್ನ ಅಭಿಪ್ರಾಯ. ಮೇಣ ಬಳಿದ ಹಲಗೆ, ಅದರ ಮೇಲೆ ಗೀರುವ ಕಡ್ಡಿ, ಬೆನ್ನಿಗೆ ಬೀಳುತ್ತಿದ್ದ ಏಟು ಎಲ್ಲ ಆಮೇಲಿನ ಮಾತು.

ಮೊದಲು ಮನೆಯೇ ಶಾಲೆ, ಅಪ್ಪನೇ ಮೇಷ್ಟ್ರು. ಕ್ರಿ.ಪೂ. 3ನೇ ಶತಮಾನದಲ್ಲಿ ಸ್ಪೂರಿಯಸ್ ಕಾರ್ವಿಲಿಯಸ್ ಎಂಬಾತ ಮೊದಲ ಬಾರಿಗೆ ಶುಲ್ಕದ ಶಾಲೆ ತೆರೆದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅಲ್ಲಿಂದ ಮುಂದೆ ಕಲಿಕೆ ಕೊಳ್ಳುವ ಸರಕಾಯಿತು. ಓದು, ಬರಹ, ಲೆಕ್ಕ ಕಲಿಸುವವನು ಒಬ್ಬ, ಕಾವ್ಯ ಮತ್ತು ವ್ಯಾಕರಣಕ್ಕೆ ಇನ್ನೊಬ್ಬ, ಭಾಷಣಕಲೆಗೆ ಮತ್ತೊಬ್ಬ. ಮೇಲೇರಿದಷ್ಟೂ ಶುಲ್ಕ ಹೆಚ್ಚು. ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ದರಪಟ್ಟಿಯಲ್ಲಿ ಅಕ್ಷರ ಕಲಿಸುವವನಿಗೆ ಮಗುವೊಂದಕ್ಕೆ ತಿಂಗಳಿಗೆ 50 ದಿನಾರಿಯಸ್ (ರೋಮನ್ ನಾಣ್ಯ), ಭಾಷಣಕಲೆಯವನಿಗೆ 250. ಅದೇ ಪಟ್ಟಿಯಲ್ಲಿ ಬಡಗಿಯ ದಿನಗೂಲಿ ಊಟದ ಜೊತೆಗೆ 50! ಮೇಷ್ಟ್ರು 30 ಮಕ್ಕಳನ್ನು ಕಲೆಹಾಕಿದರೆ ಬಡಗಿಗೆ ಸರಿಸಮ, ಅದೂ ಊಟ ಬಿಟ್ಟು.

ಖಜಾನೆ ಬಾಗಿಲು ತೆರೆದದ್ದು ಮೇಲಿನ ಮೆಟ್ಟಿಲಿನವರಿಗೆ. ಕ್ರಿ.ಶ. 1ನೇ ಶತಮಾನದಲ್ಲೇ ಚಕ್ರವರ್ತಿ ವೆಸ್ಪಾಸಿಯನ್ ಭಾಷಣಕಲೆಯ ಗುರುಗಳಿಗೆ ವರ್ಷಕ್ಕೆ 1 ಲಕ್ಷ ಸೆಸ್ಟರ್ಸ್ (ಇದೂ ರೋಮನ್ ನಾಣ್ಯ) ಗೊತ್ತುಮಾಡಿದ. ಮಕ್ಕಳನ್ನು ಹೊಡೆಯಬಾರದೆಂದು ಗಟ್ಟಿಯಾಗಿ ವಾದಿಸಿದ ಕ್ವಿಂಟಿಲಿಯನ್ ಆ ಸಂಬಳ ಪಡೆದವರಲ್ಲೊಬ್ಬ.

ಆಗಿನ ಚರ್ಚೆಯ ಜೀವಾಳ ಸಿಗುವುದು ರೋಮನ್ ಲೇಖಕ ಕಿರಿಯ ಪ್ಲಿನಿ ತನ್ನ ಗೆಳೆಯ, ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಪತ್ರದಲ್ಲಿ. ಹುಟ್ಟೂರು ಕೋಮುಮ್‌ನಲ್ಲಿ (ಇಂದಿನ ಇಟಲಿಯ ಕೋಮೊ) ಹುಡುಗನೊಬ್ಬನನ್ನು ಎಲ್ಲಿ ಓದುತ್ತೀಯೆಂದು ಕೇಳಿದರೆ, ಮಿಲಾನಿನಲ್ಲಿ ಎಂಬ ಉತ್ತರ ಬಂತು. ಇಲ್ಲಿ ಗುರುಗಳೇ ಇಲ್ಲ ಎಂದ ಅವನಪ್ಪ. ಗುರುವನ್ನು ಕರೆಸಿ, ಸಂಬಳದ ಮೂರನೇ ಒಂದು ಭಾಗ ನಾನು ಕೊಡುತ್ತೇನೆ ಎಂದು ಪ್ಲಿನಿ ಮಾತುಕೊಟ್ಟ. ಪೂರ್ತಿ ಕೊಡುವ ಶಕ್ತಿಯಿದ್ದರೂ ಕೊಡಲಿಲ್ಲ. ಸಾರ್ವಜನಿಕ ದುಡ್ಡಿನಲ್ಲಿ ಗುರುಗಳನ್ನು ನೇಮಿಸುವ ಕಡೆ ವಶೀಲಿ ನುಸುಳುವುದನ್ನು ಆತ ಕಂಡಿದ್ದ. ತಮ್ಮ ಕೈಯಿಂದ ಹಣ ಹೋದರೆ ಪೋಷಕರು ಕಣ್ಣಿಟ್ಟು ನೋಡುತ್ತಾರೆಂಬುದು ಅವನ ಲೆಕ್ಕ.

ಆ ಕಾಳಜಿಯನ್ನು ನಾನು ಮೆಚ್ಚುತ್ತೇನೆ. ಆದರೆ ಉಳಿದ ಎರಡು ಭಾಗಕ್ಕೆ ಪಾಲು ಹಾಕಲಾರದ ಅಪ್ಪನ ಮಗುವಿಗೆ ಆ ಪತ್ರದಲ್ಲಿ ಜಾಗವಿಲ್ಲ. ಅಂಥ ಮಗುವನ್ನು ಕಾನೂನು ಕಾಣಲು ಇಟಲಿಯಲ್ಲೇ ಶತಮಾನಗಳು ಬೇಕಾದವು: 1877ರ ಕೊಪ್ಪಿನೊ ಕಾಯ್ದೆ 6ರಿಂದ 9 ವರ್ಷದವರಿಗೆ ಶಾಲೆ ಕಡ್ಡಾಯ ಮಾಡಿತು, 1948ರಲ್ಲಿ ಜಾರಿಗೆ ಬಂದ ಸಂವಿಧಾನ ಕನಿಷ್ಠ 8 ವರ್ಷದ ಉಚಿತ, ಕಡ್ಡಾಯ ಶಿಕ್ಷಣವನ್ನು ಬರೆದಿಟ್ಟಿತು. ಭಾರತದಲ್ಲಿ 6ರಿಂದ 14 ವರ್ಷದವರಿಗೆ ಆ ಹಕ್ಕಿನ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಪೋಷಕರು ಕಣ್ಣಿಡಲಿ ಎಂಬ ಪ್ಲಿನಿಯ ಬೇಡಿಕೆಯೂ ಅದರಲ್ಲಿದೆ: ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆತಾಯಂದಿರೋ ಪೋಷಕರೋ ಇರಬೇಕು. ಅಲ್ಲಿ ಕೂರಲು ಅವರು ಶುಲ್ಕ ಕಟ್ಟಿರಬೇಕಿಲ್ಲ.